ಕಬ್ಬಿನ ಗಾಡಿಯ ಓಟ, ರೈತನ ಸಾಲ



ಕಬ್ಬಿನ ಹಂಗಾಮು ಬಂತೆಂದರೆ ಮಂಡ್ಯದಿಂದ ಬೆಳಗಾವಿಯ ತನಕ ರಸ್ತೆಯ ತುಂಬ ಟ್ರ್ಯಾಕ್ಟರು, ಅದರ ಹಿಂದೆ ಒಂದಲ್ಲ ಎರಡು ಟ್ರೈಲರು. ಬೆಲೆಯ ವಿಚಾರ ನಾವು ಪ್ರತಿ ತಿಂಗಳೂ ಬರೀತೇವೆ. ಈ ಸಲ ಆ ಗಾಡಿಯ ವೇಗದ ವಿಚಾರ. ಇದು ಪೊಲೀಸರ ಪಾಠ ಅಂತ ಪುಟ ತಿರುವಬೇಡಿ. ಇದೂ ಸಾಲದ ಮಾತೇ.

ಲೆಕ್ಕ ನೀವೇ ಹಾಕಿ. ಹೇರು ಹೊತ್ತ ಗಾಡಿ ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿದ್ದಾಗ ಬ್ರೇಕ್ ಒತ್ತಿದರೆ 8 ಮೀಟರಿನಲ್ಲಿ ನಿಲ್ಲುತ್ತದೆ ಅನ್ನಿ. ಅದೇ ಗಾಡಿ, ಅದೇ ಹೇರು, 40ರಲ್ಲಿದ್ದರೆ ನಿಲ್ಲೋದಕ್ಕೆ 32 ಮೀಟರ್ ಬೇಕು. ವೇಗ ಎರಡು ಪಟ್ಟು, ನಿಲ್ಲುವ ದೂರ ನಾಲ್ಕು ಪಟ್ಟು. ಕಣ್ಣು ಕಂಡು ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ ಓಡಿದ 11 ಮೀಟರ್ ಬೇರೆ. ಎಷ್ಟೋ ಟ್ರೈಲರುಗಳಿಗೆ ಬ್ರೇಕೇ ಇಲ್ಲ. ಎರಡು ಟನ್ನಿನ ಟ್ರ್ಯಾಕ್ಟರು ತನ್ನ ಹಲವು ಪಟ್ಟು ಭಾರವನ್ನು ಹಿಂದಿನ ಎರಡು ಗಾಲಿಯಿಂದ ತಡೀಬೇಕು. ಇಳಿಜಾರಿನಲ್ಲಿ ಟ್ರೈಲರೇ ಟ್ರ್ಯಾಕ್ಟರನ್ನು ನೂಕಿ ಅಡ್ಡ ತಿರುಗಿಸುತ್ತದೆ.

ಓಡಿಸಿ ಉಳಿಸುವುದಾದರೂ ಏನು? ಕಾರ್ಖಾನೆ 15 ಕಿಲೋಮೀಟರ್ ದೂರ ಇದ್ದರೆ 20ರ ವೇಗದಲ್ಲಿ 45 ನಿಮಿಷ, 30ರಲ್ಲಿ ಅರ್ಧ ಗಂಟೆ. ಉಳಿದದ್ದು ಹದಿನೈದು ನಿಮಿಷ. ಆಮೇಲೆ ಗೇಟಿನ ಮುಂದೆ ಸಾಲಿನಲ್ಲಿ ಇಡೀ ರಾತ್ರಿ ನಿಲ್ಲಬೇಕು! ಅಲ್ಲಿ ಕಬ್ಬು ಒಣಗಿ ತೂಕ ಇಳಿಯುತ್ತದೆ, ನಷ್ಟ ನಮ್ಮದು. ಚಾಲಕನಿಗೆ ಕೂಲಿ ಟನ್ನಿನ ಲೆಕ್ಕದಲ್ಲಿ. ಹೇರು ಹೆಚ್ಚಿಸದೆ, ಓಡಿಸದೆ ಅವನಿಗೆ ಹೊಟ್ಟೆ ತುಂಬುವುದಿಲ್ಲ. ಕಟಾವು ಮತ್ತು ಸಾಗಣೆ ಖರ್ಚನ್ನು ಕಾರ್ಖಾನೆ ನಮ್ಮ ಬಿಲ್ಲಿನಲ್ಲೇ ಮುರಿದುಕೊಳ್ಳುತ್ತದೆ. ಅವಸರ ಹುಟ್ಟಿಸುವವರು ಒಬ್ಬರು, ಅದರ ಬೆಲೆ ತೆರುವವರು ಇನ್ನೊಬ್ಬರು.

ಅಪಘಾತವಾದರೆ ಏನಾಗುತ್ತದೆ? ಕಾನೂನಿನಲ್ಲಿ ಟ್ರೈಲರೂ ಒಂದು ಮೋಟಾರು ವಾಹನವೇ. ಅದಕ್ಕೂ ನೋಂದಣಿ, ವಿಮೆ ಬೇಕು. ಟ್ರ್ಯಾಕ್ಟರಿಗೆ ವಿಮೆ ಇದೆ, ಸಾಕು ಅಂತ ಕೂತರೆ ಕೆಟ್ಟಿರಿ. ಕೃಷಿಗೆಂದು ವಿಮೆ ಮಾಡಿ ಬಾಡಿಗೆಗೆ ಓಡಿಸಿದರೆ, ಹೇರಿನ ಮೇಲೆ ಆಳುಗಳನ್ನು ಕೂರಿಸಿದರೆ, ವಿಮಾ ಕಂಪನಿ ಕೈ ತೊಳೆದುಕೊಳ್ಳಲು ನೋಡುತ್ತದೆ. ಆಗ ಪರಿಹಾರದ ಹೊರೆ ಮಾಲೀಕನ ತಲೆಗೆ. 1988ರ ಮೋಟಾರು ವಾಹನ ಕಾಯಿದೆಯ 174ನೇ ಕಲಮಿನಂತೆ ಆ ಹಣವನ್ನು ಭೂಕಂದಾಯದ ಬಾಕಿಯ ಹಾಗೆ ವಸೂಲು ಮಾಡಬಹುದು. ಸಾಲಕ್ಕೆ ಹೋಗದ ಹೊಲ ಒಂದು ತಿರುವಿನಲ್ಲಿ ಹೋದೀತು.

2025ರ ಜನವರಿ 22ರ ನಸುಕಿನಲ್ಲಿ ಸವಣೂರಿನಿಂದ ಕುಮಟಾ ಸಂತೆಗೆ ಹೊರಟಿದ್ದ ತರಕಾರಿ ಲಾರಿ ಯಲ್ಲಾಪುರದ ಬಳಿ ಕಂದಕಕ್ಕೆ ಉರುಳಿ 10 ಮಂದಿ ಸತ್ತರು. ಸರಕಿನ ಜೊತೆ ಕೂತು ಹೊಟ್ಟೆಪಾಡಿಗೆ ಹೊರಟವರು ಅವರು. ಮನೆ ಮನೆಯ ದುಡಿಯುವ ಕೈ ಹೋಯಿತು.

ಸಾಮಾನ್ಯ ರಸ್ತೆಯಲ್ಲಿ ಸರಕು ವಾಹನಕ್ಕೆ ಕೇಂದ್ರ ಸರ್ಕಾರ 2018ರಲ್ಲಿ ಗೊತ್ತುಮಾಡಿದ ಗರಿಷ್ಠ ವೇಗ 60. ಅದು ಮೇಲಿನ ಮಿತಿ, ಕಬ್ಬಿನ ಟ್ರೈಲರಿಗೆ ಯೋಗ್ಯ ವೇಗವಲ್ಲ. ತುಂಬಿದ ಟ್ರೈಲರಿಗೆ 20 ಸಾಕು. ತಿರುವು, ಊರೊಳಗೆ ಇನ್ನೂ ಕಡಿಮೆ. ರಸ್ತೆಗೆ ಇಳಿಯುವ ಮುಂಚೆ ಎಡಬಲದ ಎರಡೂ ಬ್ರೇಕ್ ಪೆಡಲು ಕೂಡಿಸಿ ಚಿಲಕ ಹಾಕಿ. ಇಳಿಜಾರಿನಲ್ಲಿ ನ್ಯೂಟ್ರಲ್ ಬೇಡ, ಸಣ್ಣ ಗೇರಿನಲ್ಲೇ ಇಳಿಸಿ. ಹಿಂದೆ ಕೆಂಪು ದೀಪ, ರಿಫ್ಲೆಕ್ಟರ್ ಕಟ್ಟಿ. ಹೇರಿನ ಮೇಲೆ ಆಳು ಕೂರಿಸಬೇಡಿ.

ಇಷ್ಟು ನಮ್ಮ ಕೆಲಸ. ಕಾರ್ಖಾನೆಯ ಕೆಲಸವೂ ಇದೆ: ಬಂದ ಗಾಡಿಯನ್ನು ಹೊತ್ತಿಗೆ ಸರಿಯಾಗಿ ಇಳಿಸಿಕೊಳ್ಳಬೇಕು, ಕಾಯಿಸಿದ ತಾಸಿಗೆ ಬಾಡಿಗೆ ಕೊಡಬೇಕು, ಬ್ರೇಕಿಲ್ಲದ ಟ್ರೈಲರನ್ನು ಒಪ್ಪಂದಕ್ಕೆ ತೆಗೆದುಕೊಳ್ಳಬಾರದು. ಮುಂದಿನ ಸಲ ಬೆಲೆ ಕೇಳಲು ಗೇಟಿಗೆ ಹೋದಾಗ ಈ ಮೂರು ಬೇಡಿಕೆಯನ್ನೂ ಅರ್ಜಿಯಲ್ಲಿ ಬರೆಯಿರಿ.