ಕಾಗದವಿಲ್ಲದವರು ಕುಟುಂಬವಲ್ಲವೆ?

"ಅತಿಕ್ರಮಣದಾರರು" ಎಂಬ ಮಾತನ್ನು ಪುರಸಭೆಯ ನೋಟಿಸಿನಲ್ಲಿ ಓದಿದಾಗ ನನಗೆ ಅಷ್ಟೇನೂ ಆಶ್ಚರ್ಯವಾಗಲಿಲ್ಲ. ಕಚೇರಿಯ ಭಾಷೆಯೇ ಹಾಗೆ. ಆದರೆ ಅದೇ ಮಾತು ಹಣೆಯಲ್ಲಿ ವಿಭೂತಿ, ಎದೆಯ ಮೇಲೆ ಇಷ್ಟಲಿಂಗ ಧರಿಸಿದ ನಮ್ಮವರ ಬಾಯಲ್ಲಿ, ಶರಣರ ವಿಚಾರ ಮಾತಾಡಲೆಂದೇ ಸೇರುವ ಕಡೆ, ಸಲೀಸಾಗಿ ಬರತೊಡಗಿದೆ. ಶರಣ ಬಂಧುಗಳೇ, ಈ ಬರಹ ಪುರಸಭೆಗೆ ಅಲ್ಲ, ನಮಗೆ.

ವಿಷಯ ಇಷ್ಟು. ನಮ್ಮ ಊರಿನ ಒಳಚರಂಡಿ ಕೆಲಸ ಕೊನೆಗೂ ಮುಗಿಯುತ್ತ ಬಂದಿದೆ. ಊರ ಕೆಳಗೆ, ಹಳ್ಳದ ದಂಡೆಯಲ್ಲಿ, ಕೊಳಚೆ ನೀರು ಶುದ್ಧೀಕರಣ ಘಟಕ ಬರಲಿದೆ. ಅದಕ್ಕೆ ಬೇಕಾದ ಜಾಗದಲ್ಲಿ ಒಂದು ಭಾಗ ಪಹಣಿ ಇರುವ ರೈತರ ಹೊಲ, ಇನ್ನೊಂದು ಭಾಗ ಸರ್ಕಾರಿ ಜಾಗ. ಆ ಸರ್ಕಾರಿ ಜಾಗದಲ್ಲಿ ಒಂದು ಕೇರಿ ಇದೆ. ಹೊಲದವರಿಗೆ ಪರಿಹಾರದ ಮಾತುಕತೆ ನಡೆದಿದೆ, ಕೇರಿಯವರಿಗೆ ತೆರವಿನ ನೋಟಿಸು ಬಂದಿದೆ. ಊರಿನ ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ. ಒಳಚರಂಡಿ ಬರುತ್ತಿರುವ ಯಾವ ತಾಲ್ಲೂಕು ಪಟ್ಟಣಕ್ಕಾದರೂ ಹೋಗಿ ಹಳ್ಳದ ದಂಡೆ ನೋಡಿಬನ್ನಿ.

ಘಟಕ ಬೇಡ ಎನ್ನುವ ಮಾತು ನನ್ನದಲ್ಲ. ನಮ್ಮ ಅಡುಗೆಮನೆ, ಬಚ್ಚಲು, ಶೌಚಾಲಯದ ನೀರು ಇಂದು ನೇರ ಹಳ್ಳಕ್ಕೆ ಹೋಗುತ್ತದೆ. ಕೆಳಗಿನ ಊರಿನವರು ಅದನ್ನೇ ದನಕ್ಕೆ ಕುಡಿಸುತ್ತಾರೆ. ಇದನ್ನು ನಿಲ್ಲಿಸಲೇಬೇಕು. ಆದರೆ ಘಟಕ ಅಲ್ಲಿಯೇ ಏಕೆ ಬರುತ್ತದೆ ಎಂದು ಸ್ವಲ್ಪ ಯೋಚಿಸಿ. ಕೊಳಚೆ ನೀರು ಇಳಿಜಾರಿನಲ್ಲಿ ತಾನೇ ಹರಿದು ಬರಬೇಕು, ಪಂಪು ಹಚ್ಚಿ ಮೇಲೇರಿಸಿದರೆ ಕರೆಂಟಿನ ಬಿಲ್ಲು ಪುರಸಭೆಯ ಕೈ ಸುಡುತ್ತದೆ. ಆದ್ದರಿಂದ ಊರಿನ ಅತಿ ತಗ್ಗಿನ ಜಾಗವೇ ಬೇಕು. ಊರಿನಲ್ಲಿ ಯಾರೂ ಕೇಳದ, ಮಳೆಗಾಲದಲ್ಲಿ ನೀರು ನುಗ್ಗುವ, ಸೊಳ್ಳೆ ತುಂಬಿದ ತಗ್ಗಿನಲ್ಲಿ ಮನೆ ಕಟ್ಟಿಕೊಂಡವರು ಯಾರು? ಬೇರೆಲ್ಲೂ ಜಾಗ ಸಿಗದವರು. ನಾವು ಮೇಲಿನಿಂದ ಬಿಟ್ಟ ನೀರಿನ ವಾಸನೆಯನ್ನು ಇಷ್ಟು ವರ್ಷ ಕುಡಿದವರು ಅವರೇ. ಈಗ ಆ ನೀರು ಶುದ್ಧವಾಗುವ ಕಾಲ ಬಂದಾಗ ಹೊರಡಬೇಕಾದವರೂ ಅವರೇ.

ಇನ್ನೊಂದು ಮಾತು. ಎಷ್ಟು ಜಾಗ ಬೇಕು ಎಂಬುದು ದೇವರು ಬರೆದಿಟ್ಟದ್ದಲ್ಲ. ದೊಡ್ಡ ದೊಡ್ಡ ಹೊಂಡ ತೋಡಿ, ಬಿಸಿಲು ಗಾಳಿಗೆ ನೀರು ಬಿಟ್ಟು ಶುದ್ಧ ಮಾಡುವ ಪದ್ಧತಿಗೆ ಕರೆಂಟು ಕಡಿಮೆ, ಜಾಗ ಬಹಳ. ಯಂತ್ರದಿಂದ ಗಾಳಿ ಊದಿ ಶುದ್ಧ ಮಾಡುವ ಪದ್ಧತಿಗೆ ಜಾಗ ಕಡಿಮೆ, ಕರೆಂಟು ಮತ್ತು ನುರಿತ ಕೆಲಸಗಾರರು ಬೇಕು. ಯಾವುದನ್ನು ಆರಿಸಿದರೆ ಎಷ್ಟು ಮನೆ ಏಳುತ್ತವೆ ಎಂದು ಯಾರಾದರೂ ಕೇಳಿದ್ದುಂಟೆ? ನಮ್ಮ ಊರಿನಲ್ಲಿ ಕೇಳಲಿಲ್ಲ. ಸರ್ಕಾರಿ ಜಾಗ ಪುಕ್ಕಟೆ ಎಂಬ ಲೆಕ್ಕ. ಅದರ ಮೇಲಿನ ಮನೆಗಳು ಲೆಕ್ಕದಲ್ಲೇ ಇಲ್ಲ.

ಈಗ ಕಾನೂನಿಗೆ ಬರೋಣ. 1894ರ ಬ್ರಿಟಿಷರ ಭೂಸ್ವಾಧೀನ ಕಾಯ್ದೆಯನ್ನು ತೆಗೆದುಹಾಕಿ 2013ರಲ್ಲಿ ಸಂಸತ್ತು ಹೊಸ ಕಾಯ್ದೆ ಮಾಡಿತು. 2014ರ ಜನವರಿ 1ರಿಂದ ಅದು ಜಾರಿಯಲ್ಲಿದೆ. ಅದರಲ್ಲಿ "ಬಾಧಿತ ಕುಟುಂಬ" ಎಂದರೆ ಭೂಮಿಯ ಒಡೆಯ ಮಾತ್ರ ಅಲ್ಲ. ಕೂಲಿಕಾರರು, ಗೇಣಿದಾರರು, ಕುಶಲಕರ್ಮಿಗಳು ಇದ್ದಾರೆ. ನಗರ ಪ್ರದೇಶದಲ್ಲಿ ಸ್ವಾಧೀನಕ್ಕೆ ಮೊದಲು ಮೂರು ವರ್ಷ ಯಾವುದೇ ಜಾಗದಲ್ಲಿ ವಾಸವಿದ್ದ ಕುಟುಂಬವೂ ಇದೆ. ವಿಧವೆ, ವಿಚ್ಛೇದಿತೆ, ಗಂಡ ಬಿಟ್ಟ ಹೆಣ್ಣುಮಗಳು, ಇವರಲ್ಲಿ ಒಬ್ಬೊಬ್ಬರೂ ಪ್ರತ್ಯೇಕ ಕುಟುಂಬ. ನಗರದಲ್ಲಿ ಮನೆ ಕಳೆದುಕೊಂಡವರಿಗೆ ಕನಿಷ್ಠ 50 ಚದರ ಮೀಟರಿನ ಕಟ್ಟಿದ ಮನೆ, ಒಂದು ವರ್ಷ ತಿಂಗಳಿಗೆ 3,000 ರೂಪಾಯಿ ಜೀವನಾಧಾರ, ಸಾಮಾನು ಸಾಗಿಸಲು 50,000, ನೆಲೆಯೂರಲು ಇನ್ನೊಂದು 50,000, ದನದ ಕೊಟ್ಟಿಗೆ ಅಥವಾ ಸಣ್ಣ ಅಂಗಡಿ ಇದ್ದರೆ ಕನಿಷ್ಠ 25,000. ಹೊಸ ಜಾಗದಲ್ಲಿ ರಸ್ತೆ, ಚರಂಡಿ, ಕುಡಿಯುವ ನೀರು, ಕೊನೆಗೆ ಸ್ಮಶಾನ ಭೂಮಿ ಕೂಡ ಪಟ್ಟಿಯಲ್ಲಿದೆ. ರುದ್ರಭೂಮಿಗಾಗಿ ಅಲೆದಾಡಿದ ನಮ್ಮ ಸಮಾಜದವರಿಗೆ ಅದರ ಬೆಲೆ ಬೇರೆ ಹೇಳಬೇಕಿಲ್ಲ.

ಹಾಗಾದರೆ ಕೇರಿಯವರಿಗೆ ಇದೆಲ್ಲ ಸಿಗಬೇಕಲ್ಲ? ಇಲ್ಲ ಎನ್ನುತ್ತದೆ ಕಚೇರಿ. ಕಾಯ್ದೆ ನಡೆಯಬೇಕಾದರೆ "ಸ್ವಾಧೀನ" ಆಗಬೇಕಂತೆ. ಸರ್ಕಾರ ತನ್ನದೇ ಜಾಗವನ್ನು ತಾನು ಬಳಸಿಕೊಂಡರೆ ಸ್ವಾಧೀನ ಇಲ್ಲ, ಸ್ವಾಧೀನ ಇಲ್ಲದಿದ್ದರೆ ಬಾಧಿತ ಕುಟುಂಬ ಇಲ್ಲ. ಅಂದರೆ ಪಹಣಿ ಇದ್ದವನಿಗೆ ಮಾರುಕಟ್ಟೆ ಬೆಲೆ, ಅದರ ಮೇಲೆ ಅಷ್ಟೇ ಮೊತ್ತದ ಸಾಂತ್ವನ ಧನ. ಬದುವಿನ ಆಚೆ ಅದೇ ಹಳ್ಳದ ದಂಡೆಯಲ್ಲಿ ಹುಟ್ಟಿ ಬೆಳೆದವನಿಗೆ ಜೆಸಿಬಿ. ಕಾಗದವಿಲ್ಲದ ಬಡವನಿಗಾಗಿಯೇ ತೆರೆದ ಬಾಗಿಲು ಅವನ ಮುಂದೆಯೇ ಮುಚ್ಚಿಕೊಳ್ಳುತ್ತದೆ.

ಇದು ಬೇರೆ ದಾರಿಯೇ ಇಲ್ಲದ ಸಂಗತಿ ಎನ್ನುವವರು ನಮ್ಮ ಉತ್ತರ ಕರ್ನಾಟಕದ ಕಡೆಗೇ ನೋಡಲಿ. ಏಷ್ಯಾ ಅಭಿವೃದ್ಧಿ ಬ್ಯಾಂಕಿನ ಸಾಲದಲ್ಲಿ ನಮ್ಮ ಕಡೆಯ ಅನೇಕ ಪಟ್ಟಣಗಳಿಗೆ ಒಳಚರಂಡಿ ಬಂತು. ಆಮೇಲೆ ದಾವಣಗೆರೆ, ಹರಿಹರ, ರಾಣೆಬೆನ್ನೂರು, ಬ್ಯಾಡಗಿಗಳಿಗೂ ಅದೇ ಬ್ಯಾಂಕಿನ ಸಾಲ ಬಂತು. ಆ ಬ್ಯಾಂಕಿನ 2009ರ ನೀತಿಯ ಪ್ರಕಾರ ಹಕ್ಕುಪತ್ರ ಇಲ್ಲದವರೂ ನಿರಾಶ್ರಿತರೇ. ಅವರಿಗೆ ನೆಲದ ಬೆಲೆ ಸಿಗದಿರಬಹುದು, ಆದರೆ ಕಳೆದುಕೊಂಡ ಮನೆಗೆ, ಅಂಗಡಿಗೆ ಪರಿಹಾರ, ಬೇರೆಡೆ ನೆಲೆಸಲು ನೆರವು ಕೊಡಬೇಕು. ಒಂದೇ ಜಿಲ್ಲೆ, ಒಂದೇ ಬಗೆಯ ಘಟಕ, ಒಂದೇ ಬಗೆಯ ಕೇರಿ. ಸಾಲ ಮನಿಲಾದಿಂದ ಬಂದರೆ ಅವನು ಕುಟುಂಬಸ್ಥ, ನಮ್ಮದೇ ತೆರಿಗೆಯಿಂದ ಬಂದರೆ ಅತಿಕ್ರಮಣದಾರ! ಬಡ್ಡಿಗೆ ಸಾಲ ಕೊಡುವ ಬ್ಯಾಂಕಿಗೆ ಕಾಣುವ ಮನುಷ್ಯ ಬಸವಣ್ಣನವರ ಹೆಸರು ಹೇಳುವ ನಮಗೆ ಕಾಣುವುದಿಲ್ಲ. ಇದಕ್ಕಿಂತ ನಾಚಿಕೆಗೇಡು ಇನ್ನೇನು ಬೇಕು?

"ಸರ್ಕಾರಿ ಜಾಗ ಆಕ್ರಮಿಸಿದ್ದು ತಪ್ಪಲ್ಲವೆ?" ಎಂದು ಒಬ್ಬ ಹಿರಿಯರು ಕೇಳಿದರು. ಅವರಿಗೆ ನಾನು ಬಗರ್ ಹುಕುಂ ನೆನಪು ಮಾಡಿದೆ. ನಮ್ಮ ಸಮಾಜದ ಎಷ್ಟು ಮನೆಗಳಲ್ಲಿ ನಮೂನೆ 50, 53, 57ರ ಅರ್ಜಿಗಳ ನಕಲು ಟ್ರಂಕಿನಲ್ಲಿ ಜೋಪಾನವಾಗಿಲ್ಲ? ಸರ್ಕಾರಿ ಜಮೀನನ್ನು ಹುಕುಂ ಇಲ್ಲದೆ ಉತ್ತವರಿಗೆ ಆ ಜಮೀನು ಸಕ್ರಮ ಆಗಲಿ ಎಂದು ನಾವೇ ಶಾಸಕರ ಮನೆ ಬಾಗಿಲು ಕಾದಿದ್ದೇವೆ. ಅದು ನ್ಯಾಯವೇ, ಬೆವರು ಸುರಿಸಿದವನಿಗೆ ನೆಲ ಸಿಗಬೇಕು. ಅದಕ್ಕೂ ಹಿಂದೆ 1974ರ ಭೂಸುಧಾರಣೆ ಬಂದಾಗ ಗೇಣಿ ಮಾಡುತ್ತಿದ್ದ ನಮ್ಮ ಅಪ್ಪ ಅಜ್ಜಂದಿರು ನಮೂನೆ 7 ತುಂಬಿ ನ್ಯಾಯಮಂಡಳಿಯ ಮುಂದೆ ನಿಂತರು. ಖಾತೆ ಬೇರೆಯವರ ಹೆಸರಿನಲ್ಲಿತ್ತು, ಇವರ ಕೈಲಿದ್ದದ್ದು ಉಳುಮೆ. ನೆರೆಹೊರೆಯವರ ಸಾಕ್ಷಿ ಸಾಕಾಯಿತು. ಮಠಗಳೂ ಆಗ ಜಮೀನು ಬಿಟ್ಟುಕೊಟ್ಟವು. ಇಂದು ನಾವು ಹೊಲದೊಡೆಯರೆಂದು ಎದೆಯುಬ್ಬಿಸುವುದು ಕಾಗದವನ್ನಲ್ಲ, ಕಾಯಕವನ್ನು ನೋಡಿದ ಆ ಕಾನೂನಿನಿಂದ. ಹುಕುಂ ಇಲ್ಲದೆ ಉತ್ತವನು ರೈತನಾದರೆ ಹುಕುಂ ಇಲ್ಲದೆ ಸೂರು ಕಟ್ಟಿಕೊಂಡವನು ಕಳ್ಳನು ಹೇಗಾದ? ಸರ್ಕಾರಿ ಜಾಗದಲ್ಲಿ ಕಟ್ಟಿದ ಮನೆಗಳನ್ನು ಸಕ್ರಮ ಮಾಡಲು ಭೂಕಂದಾಯ ಕಾಯ್ದೆಯಲ್ಲಿ 94ಸಿ, 94ಸಿಸಿ ಕಲಮುಗಳೂ ಇವೆ. ನಮ್ಮ ಕೇರಿಯವರ ಅರ್ಜಿಗಳು ಹಳ್ಳದ ಖರಾಬು ಎಂಬ ಷರಾದೊಂದಿಗೆ ವಾಪಸು ಬಂದವು. ಅದೇ ಹಳ್ಳಕ್ಕೆ ಕಾಂಪೌಂಡು ಹೊಡೆದ ಕಲ್ಯಾಣ ಮಂಟಪಕ್ಕೆ ಯಾವ ಷರಾ ಬಂದದ್ದೂ ನಾನು ಕಾಣೆ.

ಇವರಿಗೆ ಕೊಟ್ಟರೆ ನಾಳೆ ಎಲ್ಲರೂ ಹಳ್ಳದಲ್ಲಿ ಗುಡಿಸಲು ಹಾಕುತ್ತಾರೆ ಎಂಬ ಭಯವೂ ಇದೆ. ಮೂರು ವರ್ಷ ವಾಸ ಎಂಬ ಷರತ್ತು ಇರುವುದು ಅದಕ್ಕಾಗಿಯೇ. ಪಡಿತರ ಚೀಟಿ, ಮತದಾರರ ಪಟ್ಟಿ, ಶಾಲೆಯ ದಾಖಲೆ ನೋಡಿದರೆ ನಿನ್ನೆ ಬಂದವನಾರು, ಅಲ್ಲೇ ಹುಟ್ಟಿದವನಾರು ಎಂದು ಅರ್ಧ ದಿನದಲ್ಲಿ ತಿಳಿಯುತ್ತದೆ. ಮತ ಕೇಳಲು ಅದೇ ಕೇರಿಗೆ ಹೋಗುವಾಗ ಯಾರಿಗೂ ವಿಳಾಸದ ಸಂಶಯ ಬರಲಿಲ್ಲವಲ್ಲ.

ಇಷ್ಟೇ ಆಗಿದ್ದರೆ ನಾನು ಪತ್ರಿಕೆಗೆ ಬರೆಯುತ್ತಿರಲಿಲ್ಲ, ತಹಶೀಲ್ದಾರರಿಗೆ ಅರ್ಜಿ ಕೊಟ್ಟು ಸುಮ್ಮನಾಗುತ್ತಿದ್ದೆ. ನಿಜವಾದ ನೋವು ಮುಂದಿದೆ. ಊರೊಳಗೇ ಪುರಸಭೆಯ ಒಂದು ಖಾಲಿ ಜಾಗ ಇದೆ. ಕೇರಿಯವರನ್ನು ಅಲ್ಲಿ ನೆಲೆಗೊಳಿಸಬಹುದೆಂಬ ಮಾತು ಎದ್ದ ಕೂಡಲೇ ಅದರ ಪಕ್ಕದ ಬಡಾವಣೆಯಿಂದ ವಿರೋಧದ ಅರ್ಜಿ ಹೋಯಿತು. ಸ್ವಚ್ಛತೆ ಹಾಳಾಗುತ್ತದಂತೆ, ನಿವೇಶನದ ಬೆಲೆ ಇಳಿಯುತ್ತದಂತೆ, ಹೆಣ್ಣುಮಕ್ಕಳು ಓಡಾಡುವುದು ಕಷ್ಟವಂತೆ. ಸಹಿಗಳನ್ನು ನಾನು ಓದಿದೆ. ಅರ್ಧಕ್ಕಿಂತ ಹೆಚ್ಚು ನಮ್ಮವರವೇ. ಬಸವ ಜಯಂತಿಗೆ ಸಮಾನತೆಯ ಬ್ಯಾನರು ಕಟ್ಟುವ ಕೈಗಳವು. ಆ ಕೇರಿಯಲ್ಲಿ ಇರುವವರು ಯಾರು? ಪುರಸಭೆಯ ಗುತ್ತಿಗೆಯಲ್ಲಿ ನಮ್ಮ ಬೀದಿ ಗುಡಿಸುವವರು, ನಮ್ಮ ಮನೆಗಳಲ್ಲಿ ಪಾತ್ರೆ ತೊಳೆಯುವ ತಾಯಂದಿರು, ಚರ್ಮದ ಕೆಲಸದವರು, ಹಳ್ಳದ ನೀರಿಗೆ ಸೊಪ್ಪು ಬೆಳೆದು ತಲೆಯ ಮೇಲೆ ಹೊತ್ತು ಮಾರುವವರು. ಅವರ ಕೈಯ ಸೊಪ್ಪು ನಮಗೆ ಬೇಕು, ಅವರ ಮನೆಯ ಹೊಗೆ ಬೇಡ. ಕಲ್ಯಾಣದಲ್ಲಿ ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯರನ್ನು ಹಿರಿಯರೆಂದು ಗೌರವಿಸಿದ, ಕಸಗುಡಿಸುವ ಕಾಯಕದ ಸತ್ಯಕ್ಕನನ್ನು ಶರಣೆಯೆಂದು ಕಂಡ ಪರಂಪರೆಯವರು ನಾವಂತೆ. ಸತ್ಯಕ್ಕ ಇಂದು ಬಂದರೆ ಈ ಬಡಾವಣೆಯಲ್ಲಿ ಬಾಡಿಗೆಗೆ ಮನೆ ಸಿಕ್ಕೀತೆ?

ವಿರೋಧದ ಫಲ ಏನೆಂದರೆ, ಊರಿನಿಂದ ಮೈಲುಗಟ್ಟಲೆ ದೂರದ ಗುಡ್ಡದ ಬುಡದ ಜಾಗವೊಂದರ ಮಾತು ಈಗ ನಡೆದಿದೆ. ಬಸ್ಸಿಲ್ಲ, ಶಾಲೆಯಿಲ್ಲ. ಬೆಳಗ್ಗೆ ಐದಕ್ಕೆ ಬೀದಿ ಗುಡಿಸಲು ಬರಬೇಕಾದ ಹೆಣ್ಣುಮಗಳು ಹೇಗೆ ಬರಬೇಕು? ಆಟೋಗೆ ಕೊಟ್ಟ ಮೇಲೆ ಕೂಲಿಯಲ್ಲಿ ಉಳಿಯುವುದೇನು? ಸೊಪ್ಪಿನವರಿಗೆ ನೀರು ಎಲ್ಲಿಂದ? ಮನೆಯನ್ನು ಎತ್ತಿ ಬೇರೆಡೆ ಇಡಬಹುದು, ಕಾಯಕವನ್ನು ಹಾಗೆ ಎತ್ತಿಡಲಾಗದು. ಬಾಗಲಕೋಟೆ ಕಡೆಯವರಿಗೆ ಇದನ್ನು ವಿವರಿಸಬೇಕಿಲ್ಲ. ಆಲಮಟ್ಟಿಯ ಹಿನ್ನೀರು ಬಂದಾಗ ಪರಿಹಾರದ ದುಡ್ಡು ಕೈಗೆ ಬಂದು, ಕಸುಬು ಹೋಗಿ, ದುಡ್ಡೂ ಕರಗಿದ ಮನೆಗಳನ್ನು ನಾನೇ ಕಂಡಿದ್ದೇನೆ. 519.6 ಮೀಟರಿನ ಅಣೆಕಟ್ಟನ್ನು 524.256ಕ್ಕೆ ಏರಿಸಬಹುದೆಂದು ನ್ಯಾಯಮಂಡಳಿ ಹೇಳಿದ್ದು 2010ರಲ್ಲಿ. ಮುಳುಗಲಿರುವ ಊರುಗಳವರು ಅಂದಿನಿಂದ ಮನೆಯ ಗೋಡೆ ರಿಪೇರಿ ಮಾಡಬೇಕೋ ಬೇಡವೋ ತಿಳಿಯದೆ ಕುಳಿತಿದ್ದಾರೆ.

ಅದೇ ಹಿನ್ನೀರಿನಲ್ಲಿ ಕೂಡಲಸಂಗಮದ ಐಕ್ಯಸ್ಥಳ ಮುಳುಗಬಾರದೆಂದು ಸುತ್ತ ಬಾವಿಯಂಥ ಗೋಡೆ ಎಬ್ಬಿಸಿ ಉಳಿಸಿಕೊಂಡೆವು. ಉಳಿಸಿದ್ದು ಸರಿಯೇ. ಮೆಟ್ಟಿಲಿಳಿದು ದರ್ಶನ ಮಾಡುವಾಗ ನನ್ನ ಕಣ್ಣಲ್ಲೂ ನೀರು ಬಂದಿದೆ. ಕಲ್ಲಿನ ಮಂಟಪಕ್ಕೆ ಅಷ್ಟು ಬುದ್ಧಿ, ಅಷ್ಟು ದುಡ್ಡು ಹೊಂದಿಸಿದ ಸಮಾಜ ಒಂದು ಕೇರಿಗೆ ನಾಲ್ಕು ಗುಂಟೆ ಹೊಂದಿಸಲಾರದೆ? ಪ್ರತಿ ವರ್ಷ ಚಕ್ಕಡಿ ಕಟ್ಟಿಕೊಂಡು ಉಳವಿಗೆ ಹೋಗುತ್ತೇವಲ್ಲ, ಅಲ್ಲಿಗೆ ಚೆನ್ನಬಸವಣ್ಣನವರು ಯಾತ್ರೆಗೆ ಹೋದವರಲ್ಲ. ಕಲ್ಯಾಣದಲ್ಲಿ ನೆಲೆಯಿಲ್ಲದಾಗಿ, ಬೆನ್ನಟ್ಟಿದವರಿಂದ ತಪ್ಪಿಸಿಕೊಂಡು ಕಾಡು ಹೊಕ್ಕವರು. ಒಕ್ಕಲೆಬ್ಬಿಸಿದವರ ಸಾಲಿನಲ್ಲಿ ನಮ್ಮ ಶರಣರು ಎಂದೂ ನಿಂತಿರಲಿಲ್ಲ.

ಪೂಜ್ಯ ಮಠಾಧೀಶರಲ್ಲಿ ನನ್ನ ಬಿನ್ನಹ ಒಂದಿದೆ. ಪುರಸಭೆಯ ಅಧ್ಯಕ್ಷರು ಆಶೀರ್ವಾದ ಬೇಡಿ ಬಂದಾಗ ಶಾಲು ಹೊದಿಸುವ ಮೊದಲು ಕೇರಿಯ ಪಟ್ಟಿ ಕೇಳಿ. ಸ್ವಾಧೀನ ಆಗಲಿ ಆಗದಿರಲಿ, ಸರ್ಕಾರಿ ಜಾಗದ ನಿವಾಸಿಗಳಿಗೂ 2013ರ ಕಾಯ್ದೆಯ ಪುನರ್ವಸತಿ ಪಟ್ಟಿಯನ್ನೇ ಅನ್ವಯಿಸಿ ಠರಾವು ಮಾಡಿ ಎಂದು ಹೇಳಿ. ಹಕ್ಕುಪತ್ರ ಮನೆಯ ಹೆಣ್ಣುಮಗಳ ಹೆಸರಿನಲ್ಲೂ ಇರಲಿ. ಘಟಕ ಎದ್ದ ಮೇಲೆ ಅಲ್ಲಿನ ಕಾವಲು, ತೋಟ, ನಿರ್ವಹಣೆಯ ಕೆಲಸಕ್ಕೆ ಆ ಕೇರಿಯ ಮಕ್ಕಳನ್ನು ತರಬೇತಿ ಕೊಟ್ಟು ತೆಗೆದುಕೊಳ್ಳಲಿ. ಆದರೆ ಗುಂಡಿಗೆ ಇಳಿಸುವ ಕೆಲಸಕ್ಕಲ್ಲ. ಅದನ್ನು ನಿಷೇಧಿಸಿದ ಕಾಯ್ದೆಯೂ ಅದೇ 2013ರದೇ. ಶುದ್ಧವಾದ ನೀರಿನಲ್ಲಿ ಸೊಪ್ಪಿನವರಿಗೆ ಪಾಲು ಗೊತ್ತುಮಾಡಲಿ, ಇಲ್ಲದಿದ್ದರೆ ಅದು ಯಾವುದೋ ಕಾರ್ಖಾನೆಯ ಪೈಪಿಗೆ ಹೋಗುತ್ತದೆ. ಊರೊಳಗೆ ಜಾಗ ಇಲ್ಲವೇ ಇಲ್ಲ ಎಂದರೆ ಮಠದ ಹೆಸರಿನಲ್ಲಿ ಖಾಲಿ ಬಿದ್ದಿರುವ ಜಾಗದಲ್ಲಿ ಒಂದು ತುಂಡು ಬಿಟ್ಟುಕೊಡಿ. ದಾಸೋಹವನ್ನು ಊಟದ ಸಾಲಿಗೆ ಸೀಮಿತ ಮಾಡಿದ್ದು ನಾವು, ಶರಣರಲ್ಲ.

ಹೊಸ ಮನೆಗೆ ನೀರು, ದೀಪ ಬಂದ ಮೇಲೆಯೇ ಹಳೆಯ ಮನೆಗೆ ಕೈ ಹಚ್ಚಬೇಕು. ಮಳೆಗಾಲದ ಮುಂಚೆ ತೆರವು ಮಾಡಿ, ದೀಪಾವಳಿಗೆ ನಿವೇಶನ ಕೊಡುತ್ತೇವೆ ಎನ್ನುವ ಮಾತನ್ನು ನಂಬಬೇಡಿ.

ಬಡಾವಣೆಯ ಅರ್ಜಿಗೆ ಸಹಿ ಹಾಕಿದ ಶರಣ ಬಂಧುಗಳಿಗೆ: ಸಹಿ ಹಿಂತೆಗೆದುಕೊಳ್ಳಲು ವಕೀಲರು ಬೇಡ, ಸ್ಟ್ಯಾಂಪು ಬೇಡ. ಪುರಸಭೆಯ ಮುಖ್ಯಾಧಿಕಾರಿಗಳ ಹೆಸರಿಗೆ ಎರಡು ಸಾಲು ಬರೆದು, ದಿನಾಂಕ ಹಾಕಿ, ಒಳಬರುವ ಟಪಾಲಿನಲ್ಲಿ ಕೊಟ್ಟು ಸ್ವೀಕೃತಿ ಪಡೆಯಿರಿ.