ಹಳೇ ಬಿಲ್ಲು, ಹೊಸ ಭುಜ

ಮೊನ್ನೆ ಶನಿವಾರ ಬೆಳಿಗ್ಗೆ ಕಾಫಿ ಲೋಟ ಇನ್ನೂ ಕೆಳಗಿಟ್ಟಿರಲಿಲ್ಲ, ಫೋನು ಬಂತು. ನಮ್ಮ ತೀರ್ಥಹಳ್ಳಿ ಕಡೆಯ ಹುಡುಗ, ಮಿಷಿಗನ್ನಿಗೆ ಬಂದು ಮೂರು ವರ್ಷವಾಯಿತು.

"ಅಣ್ಣಾ, ಒಂದು ಗರಾಜ್ ಸೇಲಲ್ಲಿದೀನಿ. ಹಳೇ ರಿಕರ್ವ್ ಬಿಲ್ಲು ಸಿಕ್ಕಿದೆ. ಅರವತ್ತು ಪೌಂಡು! ಬರೀ ನೂರಾ ಇಪ್ಪತ್ತು ಡಾಲರ್ ಹೇಳ್ತಿದಾರೆ. ತಗೊಂಡ್‌ಬಿಡ್ಲಾ?"

"ಬೇಡ" ಅಂದೆ.

"ನೀವು ಬಿಲ್ಲು ನೋಡೇ ಇಲ್ವಲ್ಲ!"

"ಬಿಲ್ಲು ಯಾಕೆ ನೋಡ್ಬೇಕು ಮಾರಾಯ, ನಿನ್ನ ನೋಡಿದೀನಲ್ಲ" ಅಂದೆ.

ಫೋನು ಕಟ್ಟಾಯಿತು. ಪಾಪ, ಸಿಟ್ಟು ಬಂದಿರಬೇಕು. ನಾನು ಹೇಳಿದ ರೀತಿಯೂ ಸರಿ ಇರಲಿಲ್ಲ ಬಿಡಿ. ಹಾಗಾಗಿ ಫೋನಿನಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಅವನು ಇದನ್ನು ಓದುತ್ತಾನೆ ಅಂತ ಗೊತ್ತು.

ಮೊದಲೇ ಒಂದು ಮಾತು. 'ಬೇಟೆಯಾ? ಛೇ!' ಅಂತ ಈಗಾಗಲೇ ಹುಬ್ಬು ಗಂಟಿಕ್ಕಿದವರ ಜೊತೆ ನನಗೆ ಜಗಳವಿಲ್ಲ. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಜಿಂಕೆ ಹೊಡೆಯುವುದು ಅಪರಾಧ, ಅದು ಹಾಗೇ ಇರಬೇಕು. ನಮ್ಮಲ್ಲಿ ಹೆಚ್ಚಿನವರು ಬಿಲ್ಲು ನೋಡಿದ್ದೇ ಯಕ್ಷಗಾನದಲ್ಲಿ. ಇಲ್ಲಿಯ ಕತೆ ಬೇರೆ. ಮಿಷಿಗನ್‌ನಲ್ಲಿ ಜಿಂಕೆಗಳು ಹಿತ್ತಲಿಗೇ ಬರುತ್ತವೆ, ಸರ್ಕಾರವೇ ಲೈಸೆನ್ಸ್ ಕೊಡುತ್ತದೆ. ಅಕ್ಟೋಬರ್ 1ರಿಂದ ನವೆಂಬರ್ 14ರವರೆಗೆ ಬಿಲ್ಲಿನವರ ಕಾಲ, ನವೆಂಬರ್ 15ಕ್ಕೆ ಬಂದೂಕಿನವರು ಕಾಡಿಗಿಳಿಯುತ್ತಾರೆ. ಬೇಟೆ ಸರಿಯೋ ತಪ್ಪೋ ಅನ್ನುವ ಚರ್ಚೆ ಇನ್ನೊಂದು ದಿನಕ್ಕಿರಲಿ. ಹೋಗುವುದೇ ಆದರೆ ಹೇಗೆ ಹೋಗಬೇಕು ಅನ್ನುವುದಷ್ಟೇ ಇವತ್ತಿನ ವಿಷಯ.

ಸೆಕೆಂಡ್ ಹ್ಯಾಂಡ್ ಬಿಲ್ಲು ಕೊಳ್ಳಬಾರದು ಅಂತ ನಾನು ಹೇಳುತ್ತಿಲ್ಲ. ಉಲ್ಟಾ, ಸೆಕೆಂಡ್ ಹ್ಯಾಂಡೇ ಕೊಳ್ಳಿ ಅಂತೀನಿ. ಸಾಂಪ್ರದಾಯಿಕ ಬಿಲ್ಲು ಅಂದರೆ ಮುಖ್ಯವಾಗಿ ಎರಡು ಜಾತಿ: ನೆಟ್ಟಗಿನ ಲಾಂಗ್‌ಬೋ, ತುದಿ ಮುಂದಕ್ಕೆ ಬಾಗಿದ ರಿಕರ್ವ್. ರಾಟೆಯಿಲ್ಲ, ತಂತಿಯಿಲ್ಲ, ಕೆಡುವ ಸಾಮಾನು ಕಡಿಮೆ. ಮರ ಮತ್ತು ಫೈಬರ್‌ಗ್ಲಾಸ್ ಪಟ್ಟಿಗಳನ್ನು ಅಂಟಿಸಿ ಮಾಡಿದ ಐವತ್ತು ವರ್ಷ ಹಳೆಯ ಬಿಲ್ಲು ಇವತ್ತೂ ಹೊಸದರಂತೆ ಬಾಣ ಬಿಡುತ್ತದೆ. ಇಲ್ಲಿಯ ಬಿಲ್ಲುಬೇಟೆಯವರ ಪಾಲಿನ ದೊಡ್ಡ ಹೆಸರು ಫ್ರೆಡ್ ಬೇರ್. ಅವರ ಕಾರ್ಖಾನೆ ಇದ್ದದ್ದು ಇದೇ ರಾಜ್ಯದ ಗ್ರೇಲಿಂಗ್ ಎಂಬ ಊರಲ್ಲಿ, 1978ರಲ್ಲಿ ಅದು ಫ್ಲೋರಿಡಾದ ಗೇನ್ಸ್‌ವಿಲ್‌ಗೆ ಹೋಯಿತು. ಹಾಗಾಗಿ ಈ ಕಡೆ ಅಟ್ಟಗಳಲ್ಲಿ, ಗರಾಜುಗಳಲ್ಲಿ ಹಳೇ ಬಿಲ್ಲುಗಳಿಗೆ ಬರವಿಲ್ಲ. ಹೊಸದನ್ನು ಒಳ್ಳೆಯ ಕೈಗೆಲಸದವರಿಂದ ಮಾಡಿಸಿದರೆ ಸಾವಿರ ಡಾಲರ್ ದಾಟುವುದು ಸುಲಭ.

ಆದರೆ ಕಣ್ಣು ಬಿಟ್ಟು ಕೊಳ್ಳಬೇಕು. ಎಮ್ಮೆ ಕೊಳ್ಳುವವನು ಹಲ್ಲು ನೋಡುವ ಹಾಗೆ ನಾನು ನೋಡುವುದು ಇಷ್ಟು:

1. ಹೆದೆ ಏರಿಸಿ, ಒಂದು ತುದಿಯಿಂದ ಒಂದೇ ಕಣ್ಣಲ್ಲಿ ಉದ್ದಕ್ಕೆ ನೋಡಿ. ಹೆದೆ ಬಿಲ್ಲಿನ ನಡುಮಧ್ಯದಲ್ಲೇ ಹಾದುಹೋಗಬೇಕು. ಒಂದು ಕಡೆಗೆ ವಾಲಿದ್ದರೆ ಬಿಲ್ಲು ತಿರುಚಿಕೊಂಡಿದೆ ಅಂತ ಅರ್ಥ. ಮೂಲೆಗೆ ಒರಗಿಸಿಟ್ಟು ಮರೆತ ಬಿಲ್ಲುಗಳಿಗೆ, ಕಾಲು ತೂರಿಸಿ ಹೆದೆ ಏರಿಸುವವರ ಬಿಲ್ಲುಗಳಿಗೆ ಈ ರೋಗ ಸಾಮಾನ್ಯ. ಹೆದೆ ಏರಿಸಲಿಕ್ಕೆಂದೇ ಹಗ್ಗದ ಸ್ಟ್ರಿಂಗರ್ ಸಿಗುತ್ತದೆ, ಅದನ್ನೇ ಬಳಸಿ.

2. ಬಾಗುವ ಭಾಗದ ಮೇಲೆ ಉಗುರು ಆಡಿಸಿ. ಉದ್ದಕ್ಕಿರುವ ಕೂದಲೆಳೆಯಂಥ ಗೆರೆಗಳಿಗೆ ಸಾಮಾನ್ಯವಾಗಿ ಹೆದರಬೇಕಿಲ್ಲ. ಅಡ್ಡಕ್ಕೆ ಬಿರುಕಿದ್ದರೆ, ಪದರ ಬಿಟ್ಟುಕೊಂಡಿದ್ದರೆ ಧರ್ಮಕ್ಕೆ ಕೊಟ್ಟರೂ ಬೇಡ. ಎಳೆದಾಗ ಅದು ಒಡೆಯುವುದು ನಿಮ್ಮ ಮುಖದ ಮುಂದೆ. ಬೇಸಿಗೆಯಲ್ಲಿ ಕಾರಿನ ಡಿಕ್ಕಿಯಲ್ಲಿಟ್ಟರೆ ಬಿಸಿಗೆ ಅಂಟು ಬಿಡುತ್ತದೆ, ಕೊಂಡ ಮೇಲೆ ನೀವೂ ಹಾಗೆ ಇಡಬೇಡಿ.

3. ವರ್ಷದ ಕತೆಗಳನ್ನು ನಂಬಬೇಡಿ. ಒಬ್ಬರು ನನಗೆ ಬೇರ್ ಬಿಲ್ಲೊಂದನ್ನು ತೋರಿಸಿ "ಇದು 1953ರದ್ದು, ನೋಡಿ ಬರೆದೇ ಇದೆ" ಅಂತ ದುಪ್ಪಟ್ಟು ಬೆಲೆ ಹೇಳಿದ್ದರು. ಅದರ ಮೇಲಿದ್ದ 'ಕೆನಡಾ 1953' ಪೇಟೆಂಟಿನ ವರ್ಷ, ಬಿಲ್ಲಿನ ಹುಟ್ಟಿದ ವರ್ಷವಲ್ಲ. ಎಷ್ಟೋ ವರ್ಷ ಆಮೇಲೆ ಮಾಡಿದ ಬಿಲ್ಲುಗಳ ಮೇಲೂ ಅದೇ ಮುದ್ರೆ ಇರುತ್ತದೆ.

4. ಹಳೇ ಬಿಲ್ಲಿಗೆ ಹೊಸ ಕಾಲದ, ಒಂಚೂರೂ ಹಿಗ್ಗದ ಹೆದೆ ಹಾಕಬೇಡಿ. ತುದಿಗಳು ಆ ಏಟನ್ನು ತಡೆಯುವಂತೆ ಮಾಡಿದವಲ್ಲ. ಡೇಕ್ರಾನ್ ಹೆದೆಯೇ ಸರಿ. ಬಾಣವೂ ತೀರಾ ಹಗುರ ಇರಬಾರದು. ಮತ್ತೆ, ಬಾಣವಿಲ್ಲದೆ ಎಳೆದು ಯಾವತ್ತೂ ಬಿಡಬೇಡಿ, ಆ ಶಕ್ತಿಯೆಲ್ಲ ಬಿಲ್ಲಿನ ಮೈಗೇ ಹೊಡೆಯುತ್ತದೆ.

ಇಷ್ಟು ಯಾರಾದರೂ ಹೇಳಿಕೊಡುತ್ತಾರೆ. ಆದರೆ ಹಳೇ ಬಿಲ್ಲಿನ ವ್ಯಾಪಾರದಲ್ಲಿ ಅತಿ ದೊಡ್ಡ ದೋಷ ಬಿಲ್ಲಿನಲ್ಲಿ ಇರುವುದಿಲ್ಲ, ಕೊಳ್ಳುವವನಲ್ಲಿ ಇರುತ್ತದೆ. ಅದರ ಹೆಸರು ಪೌಂಡು.

ಬಿಲ್ಲಿನ ಮೇಲೆ 45, 50, 60 ಅಂತ ಬರೆದಿರುತ್ತಾರಲ್ಲ, ಅದು 28 ಇಂಚು ಎಳೆದಾಗ ಬೆರಳ ಮೇಲೆ ಬೀಳುವ ಭಾರ. ಎರಡೂ ಕೈ ಚಾಚಿದ ಅಳತೆಯನ್ನು ಎರಡೂವರೆಯಿಂದ ಭಾಗಿಸಿದರೆ ನಿಮ್ಮ ಎಳೆತ ಎಷ್ಟು ಅಂತ ಅಂದಾಜು ಸಿಗುತ್ತದೆ. ನಮ್ಮಂಥ ಐದಡಿ ಐದಿಂಚಿನವರಿಗೆ ಸುಮಾರು 26 ಇಂಚು. ಇಂಚಿಗೆ ಎರಡೂವರೆ ಪೌಂಡಿನಂತೆ ಕಳೆದುಕೊಳ್ಳಿ, 50ರ ಬಿಲ್ಲು ನಮ್ಮ ಕೈಯಲ್ಲಿ 45 ಆಗುತ್ತದೆ. ಆ 45 ಪೌಂಡ್ ಅಂದರೆ 20 ಕಿಲೋ. ಅಕ್ಕಿ ಮೂಟೆ ಹೊತ್ತವರು ಇದೇನು ಮಹಾ ಅನ್ನಬಹುದು. ಮೂಟೆಯನ್ನು ಬೆನ್ನು ಹೊರುತ್ತದೆ ಸ್ವಾಮಿ, ಇದನ್ನು ಮೂರು ಬೆರಳು ಮತ್ತು ಭುಜದ ಹಿಂದಿನ ಒಂದಿಷ್ಟು ಸ್ನಾಯು ಹೊರಬೇಕು, ಅದೂ ಅಲುಗಾಡದೆ.

ಕಾಂಪೌಂಡ್ ಬಿಲ್ಲಿನವರಿಗೆ ಈ ಕಷ್ಟ ಇಲ್ಲ. ಮಿಸೌರಿಯ ಹೋಲೆಸ್ ವಿಲ್ಬರ್ ಅಲೆನ್ ಎಂಬಾತ 1966ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿ 1969ರಲ್ಲಿ ಪಡೆದ ಆ ರಾಟೆಯ ಬಿಲ್ಲಿನಲ್ಲಿ, ಪೂರ್ತಿ ಎಳೆದ ಮೇಲೆ ಭಾರದ ಬಹುಪಾಲು ರಾಟೆಗೇ ಹೋಗುತ್ತದೆ. ರಿಕರ್ವಿನಲ್ಲಿ ಎಲ್ಲಿ ಭಾರ ಹೆಚ್ಚೋ ಅಲ್ಲೇ ನಿಲ್ಲಬೇಕು, ಅಲ್ಲೇ ಗುರಿ ಹಿಡಿಯಬೇಕು.

ಇದನ್ನೆಲ್ಲ ನಾನು ಓದಿ ಕಲಿತಿದ್ದಲ್ಲ. ನನ್ನ ಮೊದಲ ಬಿಲ್ಲೂ ಸೆಕೆಂಡ್ ಹ್ಯಾಂಡೇ, 58 ಪೌಂಡಿನದು. ಮಾರಿದವರು "ದೊಡ್ಡ ಪ್ರಾಣಿಗೆ ಇದೇ ಬೇಕು" ಅಂದರು, ನಾನು ಎದೆಯುಬ್ಬಿಸಿ ತಂದೆ. ನಿಂತುಕೊಂಡು, ಮೈ ಬೆಚ್ಚಗಿದ್ದಾಗ, ಹಿತ್ತಲಲ್ಲಿ ಇಟ್ಟ ಗುರಿಗೆ ಐದಾರು ಬಾಣ ಚೆನ್ನಾಗೇ ಬಿಡುತ್ತಿದ್ದೆ. ಅಷ್ಟಕ್ಕೇ ನಾನು ಅರ್ಜುನ.

ಎರಡನೇ ವರ್ಷದ ಅಕ್ಟೋಬರ್ ಕೊನೆ. ಮೂರು ಗಂಟೆ ನೆಲದ ಮೇಲೆ ಮಂಡಿಯೂರಿ ಕೂತಿದ್ದೆ, ಬೆರಳು ಮರಗಟ್ಟಿದ್ದವು. ಒಂದು ಹೆಣ್ಣು ಜಿಂಕೆ ಹದಿನೆಂಟು ಗಜದಲ್ಲಿ ಬಂದು ನಿಂತಿತು. ಎಳೆದೆ. ಅದು ತಲೆ ಎತ್ತಿ ನನ್ನ ಕಡೆಗೇ ನೋಡಿತು. ಈಗ ಕಾಯಬೇಕು, ಅದು ಮತ್ತೆ ತಲೆ ತಗ್ಗಿಸುವವರೆಗೆ. ನನ್ನ ಭುಜಕ್ಕೆ ಕಾಯಲು ಆಗಲಿಲ್ಲ. ಕೈ ನಡುಗಿತು, ಹೆದೆ ಒಂದಿಂಚು ಮುಂದಕ್ಕೆ ಜಾರಿತು, ಬೆರಳು ಬಿಟ್ಟುಬಿಟ್ಟಿತು. ಬಿಟ್ಟೆ ಅನ್ನುವುದೂ ಸುಳ್ಳೇ. ಬಾಣ ಭುಜದ ಹಿಂದೆ ಬೀಳಬೇಕಾದ್ದು ಹೊಟ್ಟೆಗೆ ಬಿತ್ತು.

ಬಾಣ ಬಂದೂಕಿನ ಗುಂಡಿನಂತೆ ಹೊಡೆತದಿಂದ ಕೊಲ್ಲುವುದಿಲ್ಲ, ಕ್ಷೌರದ ಬ್ಲೇಡಿನಷ್ಟು ಹರಿತವಾದ ಮೊನೆಯಿಂದ ರಕ್ತ ಹರಿಸಿ ಕೊಲ್ಲುತ್ತದೆ. ಶ್ವಾಸಕೋಶಕ್ಕೆ ಬಿದ್ದರೆ ಕೆಲವೇ ಕ್ಷಣ. ಹೊಟ್ಟೆಗೆ ಬಿದ್ದರೆ ಗಂಟೆಗಟ್ಟಲೆ. ಕಾದು, ಬಿಲ್ಲು ಮನೆಯಲ್ಲಿಟ್ಟು, ಪಕ್ಕದ ಮನೆಯ ತಾತನ ಜೊತೆ ಟಾರ್ಚ್ ಹಿಡಿದು ರಾತ್ರಿಯೆಲ್ಲ ಹುಡುಕಿದೆವು. ಎಲೆಗಳ ಮೇಲೆ ಅಲ್ಲೊಂದು ಇಲ್ಲೊಂದು ಕಪ್ಪು ಹನಿ. ಬೆಳಗಿನ ಜಾವ ಮಳೆ ಬಂತು. ಸಿಗಲಿಲ್ಲ. ಆ ತಾತ ಬೈಯ್ಯಲಿಲ್ಲ. ವಾಪಸ್ ಬರುವಾಗ ಒಂದೇ ಮಾತು ಹೇಳಿದರು: "ಬಿಲ್ಲನ್ನ ನೀನು ಎಳೀತಿರಲಿಲ್ಲ, ಬಿಲ್ಲೇ ನಿನ್ನನ್ನ ಎಳೀತಿತ್ತು." ಆ ಜಿಂಕೆ ಎಲ್ಲಿ ಹೋಗಿ ಮಲಗಿತೋ ಅಂತ ಈಗಲೂ ಮಳೆ ಬಂದ ಕೆಲವು ರಾತ್ರಿ ನೆನಪಾಗುತ್ತದೆ.

ನನ್ನ ಜಂಬದ ಬೆಲೆಯನ್ನು ನಾನು ಕೊಡಲಿಲ್ಲ, ಅದು ಕೊಟ್ಟಿತು. ನನಗೆ ಹೇಳಬೇಕಾಗಿರುವುದು ಇಷ್ಟೇ.

'ದೊಡ್ಡ ಪ್ರಾಣಿಗೆ ಕಡಿಮೆ ಪೌಂಡು ಸಾಲುತ್ತಾ?' ಅನ್ನುವ ಪ್ರಶ್ನೆ ಬಂದೇ ಬರುತ್ತದೆ. ಕಾನೂನನ್ನೇ ಕೇಳೋಣ. ಜಿಂಕೆಗೆ ವಿಸ್ಕಾನ್ಸಿನ್‌ನಲ್ಲಿ ಕನಿಷ್ಠ 30 ಪೌಂಡ್, ಕೊಲರಾಡೋದಲ್ಲಿ 35. (ನಿಮ್ಮ ರಾಜ್ಯದ ಈ ವರ್ಷದ ನಿಯಮ ಪುಸ್ತಕ ನೋಡಿಕೊಳ್ಳಿ. ನಮ್ಮಂಥ ಗಿಡ್ಡ ಕೈಯವರು ನಮ್ಮ ಎಳೆತಕ್ಕೆ ಎಷ್ಟು ಬರುತ್ತದೆ ಅಂತ ತೂಗಿಯೇ ನೋಡಬೇಕು.) ಇನ್ನು ಇತಿಹಾಸ. 1911ರಲ್ಲಿ ಕ್ಯಾಲಿಫೋರ್ನಿಯಾದ ಓರೊವಿಲ್ ಊರಿಗೆ ಕಾಡಿನಿಂದ ಒಬ್ಬಂಟಿಯಾಗಿ ಬಂದ ಇಷಿ, ತನ್ನ ಯಾಹಿ ಜನರಲ್ಲಿ ಕೊನೆಯವನು. ಅವನಿಂದ ಬಿಲ್ಲುವಿದ್ಯೆ ಕಲಿತ ಡಾಕ್ಟರ್ ಸ್ಯಾಕ್ಸ್‌ಟನ್ ಪೋಪ್ 1923ರಲ್ಲಿ ಬರೆದ ಪುಸ್ತಕ ಓದಿಯೇ ಎಷ್ಟೋ ಅಮೆರಿಕನ್ನರು ಬಿಲ್ಲು ಹಿಡಿದರು. ಜಿಂಕೆ ಹೊಡೆದೇ ಬದುಕಿದ ಆ ಇಷಿಯ ಬಿಲ್ಲು ಎಷ್ಟು ಪೌಂಡಿನದು ಗೊತ್ತೇ? ಸುಮಾರು 45! ಉಳಿದದ್ದನ್ನು ಅವನು ಹತ್ತಿರ ಹೋಗುವುದರಲ್ಲಿ, ಕಾಯುವುದರಲ್ಲಿ ತುಂಬಿಕೊಳ್ಳುತ್ತಿದ್ದ.

ಫ್ರೆಡ್ ಬೇರ್ 60 ದಾಟಿದ ಬಿಲ್ಲು ಹಿಡಿಯುತ್ತಿದ್ದರಲ್ಲ ಅಂತೀರಾ? ಹೌದು. ಆತನಿಗೆ ಬಿಲ್ಲೇ ಬದುಕು, ಬಿಲ್ಲೇ ಹೊಟ್ಟೆಪಾಡು. ನಾವು ವಾರವಿಡೀ ಕೀಬೋರ್ಡ್ ಕುಟ್ಟಿ ಭಾನುವಾರ ಬಿಲ್ಲು ಹಿಡಿಯುವವರು. ಎಲ್ಕ್, ಮೂಸ್ ಥರದ ನಿಜಕ್ಕೂ ದೊಡ್ಡ ಪ್ರಾಣಿಗಳಿಗೆ ಹೆಚ್ಚು ಪೌಂಡು, ಭಾರದ ಬಾಣ ಬೇಕು, ಒಪ್ಪುತ್ತೇನೆ. ಹಾಗಾದರೆ ಭುಜ ತಯಾರಾದ ಮೇಲೆ ಅವುಗಳ ಹಿಂದೆ ಹೋಗೋಣ. ತಯಾರಾಗದಿದ್ದರೆ ಹೋಗದಿದ್ದರಾಯಿತು. ಕೊಂಡಿಟ್ಟುಕೊಂಡು ಆಮೇಲೆ ಅದಕ್ಕೆ ಬೆಳೆಯುತ್ತೇನೆ ಅನ್ನಲು ಅದೇನು ಶಾಲೆ ಯೂನಿಫಾರ್ಮಾ? :-)

ಹಾಗಾಗಿ ಹಳೇ ಬಿಲ್ಲು ಕೊಳ್ಳುವಾಗ ನಾನು ಮಾಡಿಸುವ ಪರೀಕ್ಷೆ ಇದು. ಬಿಲ್ಲಿನ ಮೈಯೆಲ್ಲ ನೋಡಿ ಸರಿ ಇದೆ ಅನ್ನಿಸಿದ ಮೇಲೆ, ಮಾರುವವರನ್ನು ಕೇಳಿ ಒಂದು ಕುರ್ಚಿ ಹಾಕಿಸಿಕೊಳ್ಳಿ. ಕೂತುಕೊಂಡು, ಬಾಣ ಹೂಡಿ, ಗುರಿಯ ಕಡೆಗೆ ಪೂರ್ತಿ ಎಳೆಯಿರಿ. ಹತ್ತು ಎಣಿಸಿ. ಬಿಡದೆ ಮೆಲ್ಲಗೆ ವಾಪಸ್ ತನ್ನಿ. ಎರಡು ನಿಮಿಷ ಬಿಟ್ಟು ಇನ್ನೊಂದು ಸಲ. ಆರಕ್ಕೇ ಕೈ ನಡುಗಿದರೆ ಆ ಬಿಲ್ಲು ಎಷ್ಟೇ ಚೆಂದ ಇರಲಿ, ಎಷ್ಟೇ ಅಗ್ಗ ಇರಲಿ, ನಮಸ್ಕಾರ ಹೇಳಿ ಬನ್ನಿ. ಮಾರುವವರು ನಗಬಹುದು. ನಗಲಿ.

ಆ ಘಟನೆಯ ಮುಂದಿನ ವರ್ಷ ನಾನು ಕಾಡಿಗೆ ಹೋಗಲಿಲ್ಲ. 42 ಪೌಂಡಿನ ಇನ್ನೊಂದು ಹಳೇ ರಿಕರ್ವ್ ತಂದು ಬೇಸ್‌ಮೆಂಟಿನಲ್ಲಿ ದಿನಾ ಇಪ್ಪತ್ತು ಬಾಣ ಬಿಟ್ಟೆ. ಅದರ ಮುಂದಿನ ಶರತ್ಕಾಲದಲ್ಲಿ, ಹನ್ನೆರಡು ಗಜದಲ್ಲಿ ಒಂದೇ ಬಾಣ. ಜಿಂಕೆ ಅರವತ್ತು ಗಜವೂ ಓಡಲಿಲ್ಲ. ಆ ದಿನವೂ ಖುಷಿ ಅಂತೇನೂ ಆಗಲಿಲ್ಲ, ಆದರೆ ರಾತ್ರಿ ನಿದ್ದೆ ಬಂತು.

ಆ 58ರ ಬಿಲ್ಲು ಗೋಡೆಯ ಮೇಲಿದೆ. ಕೇಳಿಕೊಂಡು ಇಬ್ಬರು ಬಂದಿದ್ದರು, ಇಬ್ಬರಿಗೂ ಕುರ್ಚಿ ಹಾಕಿದೆ, ಇಬ್ಬರೂ ಬರಿಗೈಯಲ್ಲಿ ಹೋದರು. ಹೆಂಡತಿ "ನಿಮ್ಮಂಥ ವ್ಯಾಪಾರಿ ಊರಲ್ಲಿಲ್ಲ" ಅಂತಾಳೆ.

ತೀರ್ಥಹಳ್ಳಿ ತಮ್ಮಾ, ಸಿಟ್ಟು ಇಳಿದ ಮೇಲೆ ಮನೆಗೆ ಬಾ. ಆ 60 ಪೌಂಡಿನದ್ದನ್ನು ಕೊಂಡೇಬಿಟ್ಟಿದ್ದರೂ ತಗೊಂಡು ಬಾ, ನನ್ನದರ ಪಕ್ಕದಲ್ಲಿ ಇನ್ನೊಂದು ಮೊಳೆ ಹೊಡೆಯೋಣ. ಈ ಚಳಿಗಾಲಕ್ಕೆ ನನ್ನ 42ರದ್ದನ್ನು ಒಯ್ಯಿ, ಬಾಡಿಗೆ ಬೇಡ. ಬರುವಾಗ ಅಮ್ಮ ಕಳಿಸಿದ ಮಿಡಿ ಉಪ್ಪಿನಕಾಯಿ ಇದ್ದರೆ ಸ್ವಲ್ಪ ತಂದರೆ ಸಾಕು.

ಮತ್ತೆ ನೀವೇನಂತೀರಿ? ನಿಮ್ಮ ಅಜ್ಜಂದಿರಲ್ಲಿ ಕೋವಿ ಹಿಡಿದವರು ಇದ್ದಿರಬಹುದು. ಗಾಯವಾಗಿ ತಪ್ಪಿಸಿಕೊಂಡ ಪ್ರಾಣಿಯ ಬಗ್ಗೆ ಅವರು ಏನು ಹೇಳುತ್ತಿದ್ದರು? ನೆನಪಿದ್ದರೆ ಬರೆಯಿರಿ.