ಉತ್ತಮ ಪುರುಷ

ಚಿಕ್ಕಂದಿನಲ್ಲಿ ಕಲಿತ ವ್ಯಾಕರಣವನ್ನು ವಾಚಕರು ಮರೆತಿರಲಾರರು. ‘ನಾನು’ ಉತ್ತಮ ಪುರುಷ. ‘ನೀನು’ ಮಧ್ಯಮ ಪುರುಷ. ‘ಅವನು’, ‘ಅವಳು’ ಪ್ರಥಮ ಪುರುಷ. ಉಳಿದ ವ್ಯಾಕರಣ ಮರೆತರೂ ಆ ‘ಉತ್ತಮ’ವನ್ನು ಮಾತ್ರ ನಾವಾರೂ ಬಿಟ್ಟಿಲ್ಲ.

ನಮ್ಮ ಕಛೇರಿಯಲ್ಲಿ ಕಾಫಿಯ ಹೊತ್ತಿಗೆ ಕಿವಿಗೊಟ್ಟರೆ ಸಾಕು. ಸಿನಿಮಾ, ಜಾಹೀರಾತು, ಮೊಬೈಲಿನ ಸುದ್ದಿ, ಯಾವುದೇ ಇರಲಿ, ‘ನನಗೆ ಅದು ಏನೂ ನಾಟುವುದಿಲ್ಲ, ನಿಮಗೆ ಅಷ್ಟಿಷ್ಟು ನಾಟೀತು, ಪಾಪ, ಆ ಜನ ಪೂರಾ ಮರುಳಾಗಿದ್ದಾರೆ!’ ಅಮೆರಿಕದ ಫಿಲಿಪ್ಸ್ ಡೇವಿಸನ್ ಎಂಬ ವಿದ್ವಾಂಸರು 1983ರಲ್ಲಿ ಇದಕ್ಕೆ ‘ಮೂರನೆಯವರ ಮೇಲಿನ ಪರಿಣಾಮ’ ಎಂಬರ್ಥದ ಹೆಸರಿಟ್ಟರು. ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಆದರೆ ಸುದ್ದಿಯನ್ನು ತಾವು ನಂಬದಿದ್ದರೂ, ‘ಬೇರೆಯವರು ನಂಬಿಯಾರು’ ಎಂಬ ಎಣಿಕೆಯಿಂದಲೇ ಜನ ನಡೆದುಕೊಳ್ಳುವುದುಂಟು ಎಂದೂ ಅವರು ತೋರಿಸಿದರು.

2012ರ ಆಗಸ್ಟಿನಲ್ಲಿ ಈಶಾನ್ಯ ರಾಜ್ಯಗಳ ಸಾವಿರಾರು ಮಂದಿ ಬೆಂಗಳೂರು ಬಿಟ್ಟು ಗುವಾಹಟಿಯ ರೈಲು ಹತ್ತಿದರು. ಹಲ್ಲೆಯಾಗುವುದೆಂಬ ಸಂದೇಶಗಳು ಮೊಬೈಲುಗಳಲ್ಲಿ ಹಬ್ಬಿದ್ದವು. ಕೇಂದ್ರ ಸರ್ಕಾರವು ರಾಶಿ ಸಂದೇಶಗಳನ್ನು 15 ದಿನ ನಿಷೇಧಿಸಬೇಕಾಯಿತು. ಹೊರಟವರಲ್ಲಿ ಸುದ್ದಿಯನ್ನು ನಂಬದವರೂ ಇದ್ದಿರಬೇಕು. ಊರವರು ನಂಬಿಬಿಟ್ಟರೆ ಗತಿಯೇನೆಂಬ ದಿಗಿಲು ಸಾಲದೆ?

ನಮ್ಮ ಕ್ರೋಂಪೇಟೆಯವರಿಗೆ 2016ರ ಸೆಪ್ಟೆಂಬರ್ ನೆನಪಿದ್ದೀತು. ಕಾವೇರಿ ಗಲಾಟೆಯಲ್ಲಿ ಬೆಂಗಳೂರಿನಲ್ಲಿ ತಮಿಳು ವಿದ್ಯಾರ್ಥಿಯೊಬ್ಬನನ್ನು ಹೊಡೆದ ವೀಡಿಯೋ ಎಲ್ಲೆಡೆ ಹರಿದಾಡಿತು. 12ನೆಯ ತಾರೀಕು ಇಲ್ಲಿ ಮೈಲಾಪುರದ ನ್ಯೂ ವುಡ್‌ಲ್ಯಾಂಡ್ಸ್ ಹೋಟೆಲಿನ ಮೇಲೆ ಪೆಟ್ರೋಲ್ ಬಾಂಬು ಎಸೆದರು. ಅದೇ ದಿನ ಬೆಂಗಳೂರಿನಲ್ಲಿ ತಮಿಳುನಾಡಿನ ಬಸ್ಸು, ಲಾರಿಗಳು ಉರಿದವು. ಹೆದರಿಕೆಗೆ ಕಾರಣವಿರಲಿಲ್ಲವೆಂದಲ್ಲ. ಆದರೂ ನಮ್ಮ ಬೀದಿಯ ಮಾತು ಕೇಳಿ. ‘ನಾವು ಇದಕ್ಕೆಲ್ಲ ಕಿವಿಗೊಡುವವರಲ್ಲ, ಈ ಜನ ಹೇಗೋ’ ಎಂದು ಕನ್ನಡದ ಮನೆಯೊಂದರಲ್ಲಿ ಮಕ್ಕಳಿಗೆ ಬೀದಿಯಲ್ಲಿ ಕನ್ನಡ ಆಡಬಾರದೆಂದು ತಾಕೀತಾಯಿತು. ಎದುರು ಮನೆಯ ತಮಿಳು ಅಜ್ಜಿಯೂ ಬೆಂಗಳೂರಿನ ಮಗನಿಗೆ ಫೋನು ಮಾಡಿ ಹೇಳಿದ್ದು ಅದೇ: ‘ನಾವೇನೋ ಸರಿಯಪ್ಪಾ, ಅಲ್ಲಿಯ ಜನ ಹೇಗೋ, ತಮಿಳಿನಲ್ಲಿ ಗಟ್ಟಿಯಾಗಿ ಮಾತನಾಡಬೇಡ.’ ನಡುವೆ ಇದ್ದುದು ಹತ್ತು ಮಾರು ರಸ್ತೆ. ಎರಡು ಮನೆಗೂ ಹಾಲು ಹಾಕುವವನು ಒಬ್ಬನೇ.

ಎಚ್ಚರಿಕೆ ಬೇಡವೆನ್ನಲಾರೆ. ಆದರೆ ಮನೆಯ ಹಿರಿಯರು ‘ಅವರು ನಂಬಿಯಾರು’ ಎಂದು ಬಾಗಿಲು ಹಾಕುವ ಮುಂಚೆ ಎದುರು ಮನೆಗೆ ಹೋಗಿ ಒಂದು ಮಾತು ಕೇಳಿಬಂದರೆ ನಷ್ಟವೇನು? ಅವರಿಗೂ ಒಂದು ‘ನಾನು’ ಉಂಟು. ಅವರ ವ್ಯಾಕರಣದಲ್ಲಿ ಉತ್ತಮ ಪುರುಷರು ಅವರೇ. ‘ಪಾಪ, ಆ ಜನ’ ಎನಿಸಿಕೊಳ್ಳುವವರು ನಾವು.